ಹದಿನಾಲ್ಕು ದಿನದ ಬಿಲ್ಲೆ

ನಾನು ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಖಾಸಗಿ ಬಸ್ಸಿನ ಕಂಡಕ್ಟರನಿಗೆ ಕೂರಲು ಸೀಟಾದರೂ ಎಲ್ಲಿದೆ? ಬೆಳಿಗ್ಗೆ ಕೂಡ್ಲಿಗಿ, ನಮ್ಮೂರು ಕೊಟ್ಟೂರು, ಹರಪನಹಳ್ಳಿ. ಮಧ್ಯಾಹ್ನದ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ. ಹದಿನೆಂಟು ವರ್ಷ ಹೀಗೆ ಕಂಬಿ ಹಿಡಿದು ನಿಂತೇ ಕಳೆದಿದ್ದೇನೆ. ಆದರೆ ಕಾಲು ನಿಲ್ಲದಿರುವುದು ಬೇರೆ, ಮನಸ್ಸು ನಿಲ್ಲದಿರುವುದು ಬೇರೆ. ನನ್ನ ಮನಸ್ಸು ನಿಲ್ಲದಂತಾದದ್ದು ಮಗಳಿಗೆ ಶುಗರ್ ಬಂದ ಮೇಲೆ.

ಆಗ ಅವಳಿಗೆ ಹತ್ತು ವರ್ಷ. ಈಗ ಹದಿಮೂರು. ಶುಗರ್ ಅಂದ ಕೂಡಲೇ ಬಸ್ಸಿನಲ್ಲಿ ಇದ್ದವರೆಲ್ಲ ಡಾಕ್ಟರಾಗುತ್ತಾರೆ. ಹಾಗಲಕಾಯಿ ರಸ ಕೊಡು, ನೇರಳೆ ಬೀಜ ಅರೆದು ಕೊಡು, ಅಷ್ಟು ಸಣ್ಣ ಹುಡುಗಿಗೆ ಶುಗರ್ ಬರುವ ಹಾಗೆ ಏನು ತಿನ್ನಿಸಿದಿರಿ ಎಂದು ಕೇಳಿದವರೂ ಇದ್ದಾರೆ. ಮೊದಮೊದಲು ಸಮಾಧಾನದಿಂದ ಹೇಳುತ್ತಿದ್ದೆ: ಇದು ತಿಂದು ಬಂದ ರೋಗವಲ್ಲ, ಮೈಯೊಳಗೆ ತಯಾರಾಗಬೇಕಾದ ಇನ್ಸುಲಿನ್ನೇ ಇವಳಲ್ಲಿ ತಯಾರಾಗುವುದಿಲ್ಲ, ಹೊರಗಿನಿಂದ ದಿನಕ್ಕೆ ನಾಲ್ಕು ಸಲ ಚುಚ್ಚಬೇಕು, ಬದುಕಿರುವ ತನಕ ಚುಚ್ಚಬೇಕು. ಆಮೇಲೆ ಆ ತಾಳ್ಮೆಯೂ ಹೋಯಿತು. ಯಾರಾದರೂ ಹಾಗಲಕಾಯಿ ಸುದ್ದಿ ತೆಗೆದರೆ, ಟಿಕೆಟ್ ಎಲ್ಲಿಗೆ ಹೇಳ್ರಿ ಎಂದು ಮುಂದೆ ಹೋಗಿಬಿಡುತ್ತಿದ್ದೆ.

ಸುಳ್ಳು ಹೇಳಬಾರದು, ಇನ್ಸುಲಿನ್ನನ್ನು ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಆದರೆ ಎಷ್ಟು ಚುಚ್ಚಬೇಕು ಎಂದು ತಿಳಿಯಬೇಕಲ್ಲ? ಅದಕ್ಕೆ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ಮುಟ್ಟಿಸಿ, ಪುಟ್ಟ ಮಶೀನಿನಲ್ಲಿ ಅಂಕಿ ನೋಡಬೇಕು. ಒಂದು ಸಲ ನೋಡಿದರೆ ಒಂದು ಸ್ಟ್ರಿಪ್ ಖರ್ಚು. ದಿನಕ್ಕೆ ನಾಲ್ಕು. ಆಸ್ಪತ್ರೆಯವರು ತಿಂಗಳಿಗೆ ಒಂದು ಡಬ್ಬಿ ಕೊಡುತ್ತಿದ್ದರು, ಅದೂ ಸ್ಟಾಕ್ ಇದ್ದರೆ. ಅದು ಹನ್ನೆರಡು ದಿನಕ್ಕೆ ಮುಗಿಯುತ್ತಿತ್ತು. ಉಳಿದದ್ದು ಮೆಡಿಕಲ್ ಶಾಪಿನಿಂದ ತರಬೇಕು. ಔಷಧ ಪುಕ್ಕಟೆ, ಅಳತೆಗೆ ದುಡ್ಡು. ಇದೆಂಥ ನ್ಯಾಯ ಎಂದು ನಾನು ಮನೆಯಲ್ಲಿ ಕೂಗಾಡುತ್ತಿದ್ದೆ. ಒಂದು ಸ್ಟ್ರಿಪ್ ಅಂದರೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಒಂದು ಟಿಕೆಟ್ಟು ಎಂದು ಹೆಂಡತಿಗೆ ಲೆಕ್ಕ ಒಪ್ಪಿಸುತ್ತಿದ್ದೆ. ಅವಳು ಬೆಳಗಿನ ಹೊತ್ತು ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ, ದುಡಿದು ಸಾಕಾಗಿ ಬಂದವಳ ಮೇಲೆ ನಾನು ಹೀಗೆ ಹರಿಹಾಯುತ್ತಿದ್ದೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಪಕ್ಕದಲ್ಲೇ ಕೂತು ಓದುತ್ತಿದ್ದ ಮಗಳಿಗೆ ಕಿವಿ ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಮಾಲೀಕರಿಗೆ ದಿನಾ ಒಂದು ಹಾಳೆ ಬೇಕು: ಯಾವ ಊರಲ್ಲಿ ಎಷ್ಟು ಮಂದಿ ಹತ್ತಿದರು, ಎಲ್ಲಿ ಎಷ್ಟು ಮಂದಿ ಇಳಿದರು ಅಂತ. ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುವವರು, ಅಮಾವಾಸ್ಯೆಗೆ ಉಜ್ಜಿನಿಗೆ ಹೋಗುವವರು ಬಾಗಿಲಿಗೆ ಜೋತುಬಿದ್ದಿರುವಾಗ ಹಾಳೆ, ಪೆನ್ನು ಹಿಡಿಯಲು ನನಗೇನು ನಾಲ್ಕು ಕೈಯೇ? ಅದಕ್ಕೆ ಸಂಜೆ ಮನೆಗೆ ಬಂದು ಅಂದಾಜಿನ ಮೇಲೆ ಹೇಳುತ್ತಿದ್ದೆ, ಮಗಳು ಮುದ್ದಾದ ಅಕ್ಷರದಲ್ಲಿ ತುಂಬುತ್ತಿದ್ದಳು. ಎಲ್ಲ ಸಾಲಿಗೂ ಹತ್ತು, ಹದಿನೈದು ಅಂತ ಬರೆಯಬೇಡ, ಒಮ್ಮೆ ಏಳು ಬರೆ, ಒಮ್ಮೆ ಹದಿಮೂರು ಬರೆ, ಏರುಪೇರು ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ. ಇದು ಕಳ್ಳತನವಲ್ಲ, ದುಡ್ಡನ್ನು ಪೈಸೆ ಬಿಡದೆ ಕಟ್ಟುತ್ತಿದ್ದೆ. ನನಗೆ ಗೊತ್ತಿರುವ ಕಂಡಕ್ಟರುಗಳೆಲ್ಲ ಹೀಗೇ ಬರೆಯುವುದು. ಮಗಳು ಬೇಗ ಕಲಿತಳು. ಕೊನೆಕೊನೆಗೆ ನಾನು ಹೇಳುವುದೂ ಬೇಕಿರಲಿಲ್ಲ, ಹುಣ್ಣಿಮೆಯೋ ಸಂತೆಯೋ ಎಂದಷ್ಟೇ ಕೇಳಿ ತಾನೇ ತುಂಬಿಬಿಡುತ್ತಿದ್ದಳು. ನನಗೆ ಹೆಮ್ಮೆ.

ಹೋದ ವರ್ಷ ಶಾಲೆ ಶುರುವಾಗಿ ಎರಡು ತಿಂಗಳಾಗಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತವಳು ನಿಂತಲ್ಲೇ ಬಿದ್ದಳು. ಶುಗರ್ ಇಳಿದಿತ್ತು. ಸಕ್ಕರೆ ನೀರು ಕುಡಿಸಿ ಎಬ್ಬಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ಬಿದ್ದಳು, ಈ ಸಲ ಹಣೆ ಒಡೆಯಿತು. ಹೆಡ್ ಮಾಸ್ತರರು ಕೆಟ್ಟವರಲ್ಲ, ಹೆದರಿದ್ದರು. ಮನೆಯವರು ಯಾರಾದರೂ ಬಂದು ದಿನವಿಡೀ ಕೂರಿ, ಇಲ್ಲವೇ ಇವಳಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ಬನ್ನಿ, ಅಲ್ಲಿಯತನಕ ಮನೆಯಲ್ಲೇ ಇರಲಿ ಎಂದರು. ಹೆಂಡತಿ ಶಾಲೆಯಲ್ಲಿ ಕೂತರೆ ರೊಟ್ಟಿ ಬಡಿಯುವವರು ಯಾರು, ನಾನು ಕೂತರೆ ಮನೆ ನಡೆಸುವವರು ಯಾರು? ಮಗಳು ಚೀಲ ಗೂಟಕ್ಕೆ ಹಾಕಿದಳು. ಓದು ಬಿಟ್ಟು ಕೂತ ಹುಡುಗಿಯರ ಗತಿ ನಮ್ಮ ಓಣಿಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಅವರು ಒಂದು ಹೊಸ ಭಯ ಹೇಳಿದರು. ಶುಗರ್ ಇಳಿದಾಗ ಎಲ್ಲರಿಗೂ ಕೈ ನಡುಗುತ್ತದೆ, ಬೆವರುತ್ತದೆ, ಅದೇ ಸೂಚನೆ. ಮೇಲಿಂದ ಮೇಲೆ ಇಳಿದರೆ ಮೈ ಆ ಸೂಚನೆ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಮಗಳಿಗೆ ಹಾಗೇ ಆಗಿದೆ, ಬೀಳುವ ತನಕ ಅವಳಿಗೇ ತಿಳಿಯುವುದಿಲ್ಲ ಎಂದರು. ಆಮೇಲೆ ಕಪಾಟಿನಿಂದ ಒಂದು ಡಬ್ಬಿ ತೆಗೆದರು. ಸರ್ಕಾರದಿಂದ ಬಂದದ್ದಲ್ಲ, ಯಾರೋ ಪುಣ್ಯಾತ್ಮರು ಎರಡೇ ಎರಡು ಕೊಟ್ಟಿದ್ದಾರೆ, ಒಂದನ್ನು ಇವಳಿಗೆ ಹಾಕುತ್ತೇನೆ, ಹದಿನಾಲ್ಕು ದಿನ ನಡೆಯುತ್ತದೆ ಎಂದರು. ಅದರ ಹೆಸರು ಸೆನ್ಸರ್. ಬಿಳಿ ಬಣ್ಣದ್ದು, ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು. ತೋಳಿನ ಹಿಂದೆ ಒತ್ತಿದರು, ಅಂಟಿಕೊಂಡಿತು. ನಾವು ಮನೆಯಲ್ಲಿ ಅದನ್ನು ಬಿಲ್ಲೆ ಅಂದೆವು.

ಅಬ್ಬಾ, ಆ ಬಿಲ್ಲೆ! ಬೆರಳು ಚುಚ್ಚುವುದೇ ಬೇಡ. ಐದೈದು ನಿಮಿಷಕ್ಕೆ ಶುಗರ್ ಎಷ್ಟೆಂದು ಅವಳ ಚೀಲದಲ್ಲಿಟ್ಟ ಹಳೆಯ ಫೋನಿಗೆ ಹೇಳುತ್ತಿತ್ತು, ಅಲ್ಲಿಂದ ನನ್ನ ಫೋನಿಗೆ ಬರುತ್ತಿತ್ತು. ಎಪ್ಪತ್ತಕ್ಕಿಂತ ಇಳಿದರೆ ಎರಡೂ ಫೋನು ಬಡಿದುಕೊಳ್ಳುತ್ತಿದ್ದವು. ಹೆಡ್ ಮಾಸ್ತರರಿಗೆ ತೋರಿಸಿದೆ, ಅವರೂ ಒಪ್ಪಿದರು. ಮಗಳು ಗೂಟದಿಂದ ಚೀಲ ಇಳಿಸಿದಳು.

ನಾನೋ, ಅರ್ಧ ಹುಚ್ಚನಾದೆ. ಒಂದು ಕೈಯಲ್ಲಿ ಟಿಕೆಟ್ ಮಶೀನು, ಒಂದು ಕೈಯಲ್ಲಿ ಫೋನು. ನೆಟ್‌ವರ್ಕ್ ಇಲ್ಲದ ಕಡೆ ಬಸ್ಸು ನುಗ್ಗಿದರೆ ಫೋನನ್ನು ಕಿಟಕಿಯ ಹೊರಗೆ ಎತ್ತಿ ಹಿಡಿಯುತ್ತಿದ್ದೆ. ಈ ವಯಸ್ಸಿನಲ್ಲಿ ಯಾರ ಮೆಸೇಜಿಗೆ ಕಾಯುತ್ತಿದ್ದೀಯೋ ಎಂದು ಡ್ರೈವರ್ ಚೇಷ್ಟೆ ಮಾಡಿದ. ನಾಲ್ಕನೇ ದಿನ ಹರಪನಹಳ್ಳಿ ಇನ್ನೂ ಎರಡು ಮೈಲಿ ಇರುವಾಗ ಫೋನು ಬಡಿದುಕೊಂಡಿತು. ಅರವತ್ತೊಂದು, ಪಕ್ಕದ ಬಾಣ ಕೆಳಗೆ, ಅಂದರೆ ಇನ್ನೂ ಇಳಿಯುತ್ತಿದೆ. ಟೀಚರಿಗೆ ಫೋನ್ ಮಾಡಿ ಗ್ಲೂಕೋಸ್ ತಿನ್ನಿಸಿ ಎಂದೆ. ಆಮೇಲೆ ಅಂಕಿಯನ್ನೇ ನೋಡುತ್ತಾ ನಿಂತೆ. ಅರವತ್ತೈದು. ಎಪ್ಪತ್ನಾಲ್ಕು. ಹೊಸದಾಗಿ ಹತ್ತಿದವನೊಬ್ಬ ಟಿಕೆಟ್ ಎಷ್ಟು ಎಂದು ಕೇಳಿದ್ದಕ್ಕೆ ಎಪ್ಪತ್ನಾಲ್ಕು ಎಂದುಬಿಟ್ಟೆ. ಎರಡು ಮೈಲಿಗೆ ಎಪ್ಪತ್ನಾಲ್ಕಾ ಎಂದು ಅವನು ಜಗಳಕ್ಕೆ ಬಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೆ.

ಹೆಚ್ಚುಕಮ್ಮಿ ದಿನಾ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅದು ಬಡಿದುಕೊಳ್ಳುತ್ತಿತ್ತು, ದಿನಾ ಅವಳಿಗೆ ಗ್ಲೂಕೋಸ್ ತಿನ್ನಿಸುತ್ತಿದ್ದರು. ಒಂದು ದಿನವೂ ಬೀಳಲಿಲ್ಲ. ಎಂಥ ಮಶೀನಪ್ಪಾ ಎಂದು ನಾನು ಕಂಡಕಂಡವರಿಗೆಲ್ಲ ಹೊಗಳಿದೆ. ದಿನಾ ಯಾಕೆ ಇಳಿಯುತ್ತಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಹದಿನೈದನೇ ದಿನ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಇನ್ನೊಂದು ಬಿಲ್ಲೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಡಾಕ್ಟರಮ್ಮ ಹದಿನಾಲ್ಕು ದಿನದ ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿದರು. ಆಮೇಲೆ ನಮ್ಮ ನೋಟ್‌ಬುಕ್ ತೆಗೆದರು. ಬೆರಳು ಚುಚ್ಚಿ ನೋಡಿದ ಅಂಕಿಗಳನ್ನು ಮಗಳು ಅದರಲ್ಲಿ ದಿನಕ್ಕೆ ನಾಲ್ಕರಂತೆ ಬರೆದಿಟ್ಟಿದ್ದಳು. ಅದನ್ನು ನೋಡಿಯೇ ಡಾಕ್ಟರಮ್ಮ ಪ್ರತಿ ತಿಂಗಳು ಇನ್ಸುಲಿನ್ ಎಷ್ಟೆಂದು ಹೇಳುತ್ತಿದ್ದದ್ದು. ಪುಟ ಹಿಂದೆ ಮುಂದೆ ತಿರುವಿದರು. ಇದನ್ನು ಯಾರು ಬರೆಯುತ್ತಾರೆ ಎಂದು ಕೇಳಿದರು. ಮಗಳೇ ಬರೆಯುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ ಎಂದು ಎದೆ ಉಬ್ಬಿಸಿ ಹೇಳಿದೆ. ಅವರು ನಮ್ಮ ಪುಟ್ಟ ಮಶೀನನ್ನು ಕೈಗೆ ತೆಗೆದುಕೊಂಡು ಒಂದು ಗುಂಡಿ ಒತ್ತಿದರು, ಮತ್ತೆ ಒತ್ತಿದರು, ಒತ್ತುತ್ತಲೇ ಹೋದರು.

"ಈ ಮಶೀನಿಗೂ ನೆನಪು ಇರ್ತೈತ್ರಿ," ಎಂದರು. "ಪುಸ್ತಕದಾಗ ದಿನಕ್ಕ ನಾಕು ಸಲ ಐತಿ. ಮಶೀನಿನಾಗ ಮೂರು ದಿನಕ್ಕ ಒಂದು ಸಲ ಐತಿ. ಉಳಿದದ್ದು ಎಲ್ಲಿಂದ ಬಂತು?"

ಮಗಳು ತಲೆ ತಗ್ಗಿಸಿದಳು. ನನಗೆ ಮೊದಲು ಅರ್ಥವಾಗಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮುಂಜಾನಿ ನೂರಾ ತೊಂಬತ್ತು, ಇನ್ನೂರಾ ಹತ್ತು ಅಂತ ಬರ್ದಾಳ. ಅದನ್ನ ನಂಬಿ ನಾನು ರಾತ್ರಿ ಇನ್ಸುಲಿನ್ ಎರಡು ಸಲ ಏರಿಸೀನ್ರಿ. ಖರೇನ ಅಂದ್ರ ಮುಂಜಾನಿ ಆಕೀದು ಅರವತ್ತರಾಗ ಇತ್ತು. ಪ್ರಾರ್ಥನಿಯಾಗ ಬಿದ್ದದ್ದು ಅದಕ್ಕ."

ನನ್ನ ಕೈ ಮೇಲೆದ್ದಿತು. ಮಗಳ ಮೇಲೆ ಬೀಳುವುದರೊಳಗೆ ಡಾಕ್ಟರಮ್ಮ ಮೇಜು ಬಡಿದರು. "ಹೊಡೀಬ್ಯಾಡ್ರಿ. ನಾಕು ಸಲ ನೋಡು ಅಂತ ಬರ್ದುಕೊಟ್ಟವಳು ನಾನು. ನಾಕು ಸಲಕ್ಕ ಆಗೋವಷ್ಟು ಸ್ಟ್ರಿಪ್ ಕೊಡದವಳೂ ನಾನ."

ಅವರ ಕಣ್ಣು ಕೆಂಪಾಗಿತ್ತು. ಸಿಟ್ಟು ನನ್ನ ಮೇಲೋ, ತಮ್ಮ ಮೇಲೋ, ಮತ್ತೆ ಯಾರ ಮೇಲೋ ನನಗೆ ಕೇಳುವ ಧೈರ್ಯವಾಗಲಿಲ್ಲ. ರಾತ್ರಿಯ ಇನ್ಸುಲಿನ್ ಇಳಿಸಿ ಬರೆದರು. ಇನ್ನೊಂದು ಬಿಲ್ಲೆ ಎಂದು ನಾನು ಬಾಯಿ ತೆರೆದೆ. ಅದು ಸರ್ಕಾರದ ಪಟ್ಟಿಯಲ್ಲಿ ಇಲ್ಲ, ಬೇಕೆಂದು ಮೇಲಕ್ಕೆ ಬರೆದಿದ್ದೇನೆ, ಬಂದಾಗ ಬಂತು ಎಂದರು. ಇನ್ನೊಂದು ಇತ್ತಲ್ಲ ಎಂದೆ. ಅದನ್ನು ಆರು ವರ್ಷದ ಒಂದು ಮಗುವಿಗೆ ಹಾಕಿಯಾಗಿತ್ತು. ಪುಸ್ತಕ, ಮಶೀನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತೆವು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಡಬ್ಬಿ ಖಾಲಿಯಾದಾಗೆಲ್ಲ ನಾನು ಅವ್ವನ ಮೇಲೆ ಹರಿಹಾಯುತ್ತಿದ್ದುದನ್ನು ಹೇಳಿದಳು. ಒಂದು ಸ್ಟ್ರಿಪ್ ಅಂದರೆ ಕೂಡ್ಲಿಗಿಗೆ ಒಂದು ಟಿಕೆಟ್ಟು ಎಂದದ್ದನ್ನೂ ಹೇಳಿದಳು. ಒಂದು ಡಬ್ಬಿಯನ್ನು ತಿಂಗಳುಗಟ್ಟಲೆ ಸಾಗಿಸಿದರೆ ಮನೆಯಲ್ಲಿ ಜಗಳ ಇರುವುದಿಲ್ಲ ಎಂದು ನೋಡಿಕೊಂಡಳಂತೆ. ಮೊದಲು ದಿನಕ್ಕೆ ಎರಡು ಸಲ ಬಿಟ್ಟಳಂತೆ, ಆಮೇಲೆ ಇಡೀ ದಿನ, ಎರಡೆರಡು ದಿನ. ಡಬ್ಬಿ ಬೇಗ ಖಾಲಿಯಾಗದ್ದು ನನಗೆ ಖುಷಿಯಾಗಿತ್ತೇ ಹೊರತು, ಯಾಕೆಂದು ನಾನು ಕೇಳಿರಲಿಲ್ಲ. ಮುಂಚೆ ಬರುತ್ತಿದ್ದ ಅಂಕಿಗಳು ನೆನಪಿದ್ದವು, ಅದೇ ಸುಮಾರಿಗೆ ಬರೆದಳು. ಮೈಯಲ್ಲಿ ಶುಗರ್ ಮುಂಚಿನ ಹಾಗೇ ಇರುತ್ತದೆಂದು ಹದಿಮೂರರ ಹುಡುಗಿ ನಂಬಿದ್ದಳು.

"ಅಲ್ಲವ್ವಾ, ಡಾಕ್ಟರಿಗೂ ಅನುಮಾನ ಬರದಂಗ ಹೆಂಗ ಬರ್ದಿ?" ಎಂದು ಕೇಳಿದೆ.

"ನೀನ ಕಲಿಸಿದಿಯಲ್ಲಪ್ಪ," ಎಂದಳು. "ಒಂದ ತರ ಬರ್ದಿಲ್ಲ. ಏರುಪೇರು ಇಟ್ಟೀನಿ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂದು ಹೇಳುವ ದನಿ ಅದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತಿದೆ, ಆದರೆ ಇಲ್ಲಿ ಮಾಡಿದವನು ನಾನು, ಉಂಡವಳು ಅವಳು. ಪಕ್ಕದಲ್ಲಿ ಕಡಲೆ ಮಾರುವವಳು ನೋಡುತ್ತಿದ್ದಾಳೆ ಎಂಬುದೂ ಲೆಕ್ಕಕ್ಕೆ ಬರದೆ ಅತ್ತುಬಿಟ್ಟೆ. ಇನ್ನು ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ಅವಳೇ ನನಗೆ ಸಮಾಧಾನ ಮಾಡಿದಳು. ಮಾಲೀಕರಿಗೆ ನಾನೂ ಅಂದಾಜಿನ ಹಾಳೆ ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಎಣಿಸಿದಷ್ಟು ಬರೆದು, ಎಣಿಸದ್ದನ್ನು ಖಾಲಿ ಬಿಟ್ಟ ಹಾಳೆಯನ್ನು ಮರುದಿನ ಕೊಟ್ಟಾಗ, ನಿನಗೇನು ತಲೆ ಕೆಟ್ಟಿದೆಯೇ ಎಂದು ಮಾಲೀಕರು ಬೈದರು. ಬೈಸಿಕೊಂಡೆ.

ಬಿಲ್ಲೆ ಹೋಯಿತು. ಫೋನಿನಲ್ಲಿ ಅಂಕಿ ಇದ್ದ ಜಾಗ ಖಾಲಿ. ಆದರೂ ಕೈ ಸುಮ್ಮನಿರುವುದಿಲ್ಲ, ತೆಗೆದು ತೆಗೆದು ನೋಡುತ್ತೇನೆ. ಹರಪನಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಬೆಲೆ ಕೇಳಿದೆ. ತಿಂಗಳಿಗೆ ಎರಡು ಬೇಕು, ಎರಡಕ್ಕೆ ನನ್ನ ಪಗಾರದ ಅರ್ಧಕ್ಕಿಂತ ಹೆಚ್ಚು. ಮೈಮುರಿದು ದುಡಿದರೆ ಎರಡು ತಿಂಗಳು ತರಬಹುದು, ಮೂರು ತಿಂಗಳು ತರಬಹುದು. ಇವಳು ನೂರು ವರ್ಷ ಬಾಳಬೇಕಾದವಳು. ಅಂಗಡಿಯ ಮೆಟ್ಟಿಲು ಇಳಿಯುವಾಗ ಯಾರನ್ನು ಬೈಯಬೇಕೋ ತಿಳಿಯದೆ, ಅಡ್ಡ ನಿಲ್ಲಿಸಿದ್ದ ಯಾರದೋ ಸ್ಕೂಟರನ್ನು ಬೈದೆ.

ಬಿಲ್ಲೆ ಇಲ್ಲವೆಂದ ಮೇಲೆ ಹೆಡ್ ಮಾಸ್ತರರು ಮತ್ತೆ ಹಿಂದೆಗೆದರು. ಕೈ ಮುಗಿದು ಒಪ್ಪಿಸಿದೆ. ದಿನಾ ಹನ್ನೊಂದು ಗಂಟೆಗೆ ಮಗಳು ಬೆರಳು ಚುಚ್ಚಿ ನೋಡುತ್ತಾಳೆ, ಟೀಚರ ಫೋನಿನಿಂದ ನನಗೆ ಅಂಕಿ ಹೇಳುತ್ತಾಳೆ, ಕಮ್ಮಿ ಇದ್ದರೆ ನಾನೇ ಟೀಚರಿಗೆ ಹೇಳುತ್ತೇನೆ. ಹೀಗೆ ನಾಲ್ಕು ತಿಂಗಳು ನಡೆಯಿತು. ಇನ್ಸುಲಿನ್ ಇಳಿಸಿದ ಮೇಲೆ ಅವಳು ಬೀಳಲಿಲ್ಲ. ಆದರೆ ಮೈ ಸೂಚನೆ ಕೊಡುವುದು ಇನ್ನೂ ಶುರುವಾಗಿರಲಿಲ್ಲ, ಓಡಿ ಆಡುವ ದಿನ ನೋಡದೆ ಬಿಡಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಮನೆಯಲ್ಲಿ ಸ್ಟ್ರಿಪ್ಪಿನ ಬೆಲೆಯ ಮಾತನ್ನು ನಾನು ಎತ್ತಲೇ ಇಲ್ಲ, ನಾಲಿಗೆ ಕಚ್ಚಿಕೊಂಡು ಡಬ್ಬಿ ತರುತ್ತಿದ್ದೆ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಸ್ಟ್ರಿಪ್ ಸ್ಟಾಕ್ ಇರಲಿಲ್ಲ. ಈ ತಿಂಗಳೂ ಬಂದಿಲ್ಲ ಎಂದರು. ಮೆಡಿಕಲ್ ಶಾಪಿನಿಂದ ತಂದ ಡಬ್ಬಿಯೂ ತಳ ಕಾಣುತ್ತಿತ್ತು. ಮೊನ್ನೆ ಸೋಮವಾರ ಬೆಳಗಿನ ಶುಗರ್ ನೋಡಿ ಮುಗಿದ ಮೇಲೆ ನಾನೇ ಅಂಗೈಗೆ ಸುರಿದು ಎಣಿಸಿದೆ. ಹನ್ನೊಂದು. ಪಗಾರ ಬರಲು ಇನ್ನೂ ಆರು ದಿನ. ವಾಪಸ್ಸು ತುಂಬಿ ಮುಚ್ಚಳ ಹಾಕಿದೆ. ಮಗಳು ಜಡೆ ಹಾಕಿಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. ಅವತ್ತು ಶಾಲೆಯಲ್ಲಿ ಖೊಖೊ ತಂಡದ ಆಯ್ಕೆ ಇತ್ತು.

ಹನ್ನೊಂದು ಗಂಟೆಗೆ ಬಸ್ಸು ಕೂಡ್ಲಿಗಿಯಿಂದ ಬಂದು, ಕೊಟ್ಟೂರು ಬಿಟ್ಟು ಹರಪನಹಳ್ಳಿ ದಾರಿ ಹಿಡಿದಿತ್ತು. ಫೋನು ಬಂತು. ಎಷ್ಟು ಎಂದೆ.

"ನೂರಾ ಮೂವತ್ತೆರಡು," ಎಂದಳು. ಆಡಲು ಹೋಗಲೇ ಎಂದು ಕೇಳಿದಳು, ಹೋಗು ಎಂದೆ. ಒಳ್ಳೆಯ ಅಂಕಿ, ಮನಸ್ಸು ಹಗುರಾಯಿತು. ಇಡುವ ಮುಂಚೆ, ಸುಮ್ಮನಿರಲಾರದೆ, ಸ್ಟ್ರಿಪ್ ಎಷ್ಟು ಉಳಿದವು ಎಂದು ಕೇಳಿದೆ.

"ಹನ್ನೊಂದು ಅದಾವಪ್ಪ. ನೀನೇನು ಚಿಂತಿ ಮಾಡಬ್ಯಾಡ."

ಫೋನು ಜೇಬಿಗಿಟ್ಟು ಇಬ್ಬರಿಗೆ ಟಿಕೆಟ್ ಕೊಟ್ಟೆ. ಮೂರನೆಯವನಿಗೆ ಕೊಡುವಾಗ ಕೈ ನಿಂತಿತು. ಬೆಳಿಗ್ಗೆ ಹನ್ನೊಂದು ಇದ್ದವು. ಈಗ ನೋಡಿದ್ದರೆ ಹತ್ತು ಇರಬೇಕಿತ್ತು. ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ ಎಂದಷ್ಟೇ ಅವಳು ಹೇಳಿದ್ದಳು. ವಾಪಸ್ಸು ಫೋನ್ ಹಚ್ಚಿದೆ, ಟೀಚರು ಎತ್ತಲಿಲ್ಲ.

ವಿಷಲ್ ಹೊಡೆದೆ. ನಡುರಸ್ತೆಯಲ್ಲಿ ಬಸ್ಸು ನಿಂತಿತು. ಚೀಲ, ಮಶೀನು ಎರಡನ್ನೂ ಡ್ರೈವರನ ಮಡಿಲಿಗೆ ಹಾಕಿ ಇಳಿದೆ. ಅವನು ಹಿಂದಿನಿಂದ ಏನೇನೋ ಬೈಯುತ್ತಿದ್ದ. ಎದುರಿನಿಂದ ಊರ ಕಡೆ ಬಂದ ಬೈಕಿಗೆ ಅಡ್ಡ ನಿಂತು, ಹತ್ತಿ ಕೂತು, ಶಾಲೆಯ ಗೇಟಿನ ಮುಂದೆ ಹಾರಿಕೊಂಡೆ.

ಮೈದಾನದಲ್ಲಿ ಅವಳು ಓಡುತ್ತಿದ್ದಳು. ಏದುಸಿರಿಲ್ಲ, ನಡುಕವಿಲ್ಲ, ನಗುತ್ತಿದ್ದಳು. ನನ್ನನ್ನು ಕಂಡು ನಿಂತಳು. ಎಲ್ಲರ ಮುಂದೆ ರಟ್ಟೆ ಹಿಡಿದು ಕೂರಿಸಿದೆ, ಅವಳ ಚೀಲದಿಂದ ಮಶೀನು ತೆಗೆದೆ. ನನಗೇನೂ ಆಗಿಲ್ಲಪ್ಪ, ಎಲ್ಲರೂ ನೋಡುತ್ತಿದ್ದಾರೆ ಎಂದಳು. ಬೆರಳು ಚುಚ್ಚಿದೆ.

ಐವತ್ತೆಂಟು.

ಗ್ಲೂಕೋಸ್ ಪೊಟ್ಟಣ ಹರಿದು ಬಾಯಿಗೆ ಸುರಿದೆ. ನನ್ನ ಅವಸರಕ್ಕೆ ಅರ್ಧ ಪುಡಿ ಅವಳ ಲಂಗದ ಮೇಲೆ ಚೆಲ್ಲಿತು. ಅವಳು ಅಂಕಿಯ ಕಡೆ ನೋಡಲಿಲ್ಲ. ಮಶೀನಿನ ತುದಿಯಲ್ಲಿ ಅಂಟಿಕೊಂಡಿದ್ದ ರಕ್ತದ ಸ್ಟ್ರಿಪ್ಪನ್ನು ನೋಡುತ್ತಾ, ಬಾಯಿ ತುಂಬ ಗ್ಲೂಕೋಸ್ ಇಟ್ಟುಕೊಂಡೇ ಹೇಳಿದಳು:

"ಸುಮ್ನ ಒಂದು ಹಾಳು ಮಾಡಿದಿ ನೋಡಪ್ಪ. ಈಗ ಹತ್ತ ಉಳಿದ್ವು."